ಓರೆ ಕತ್ತರಿಯ ಪ್ರೇಮಕುಮಾರಿ

ಹೊಳೆನರಸೀಪುರದ ಪೇಟೆಯಲ್ಲಿ ನಿಂತು ‘ಪ್ರೇಮಾ ಲೇಡೀಸ್ ಟೈಲರ್ಸ್’ ಎಲ್ಲಿ ಎಂದು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಓರೆ ಪ್ರೇಮಕ್ಕನ ಅಂಗಡಿ ಎಂದು ಕೇಳಿ, ಸೊಪ್ಪು ಮಾರುವವಳು ಕೂತಲ್ಲಿಂದಲೇ ಕೈ ತೋರಿಸುತ್ತಾಳೆ. ಹೆಸರು ಕೇಳಿ ಏನೇನೋ ಕಲ್ಪಿಸಿಕೊಳ್ಳಬೇಡಿ. ಪ್ರೇಮಕುಮಾರಿಯ ನೋಟವೂ ಓರೆಯಲ್ಲ, ನಡತೆಯೂ ಓರೆಯಲ್ಲ. ಅವಳು ಬಟ್ಟೆಯನ್ನು ಓರೆಯಾಗಿ ಕತ್ತರಿಸುತ್ತಾಳೆ, ಅಷ್ಟೇ.

ಸಾಮಾನ್ಯವಾಗಿ ಟೈಲರುಗಳು ಬಟ್ಟೆಯ ಅಂಚಿಗೆ ನೇರವಾಗಿ ಕತ್ತರಿ ಓಡಿಸುತ್ತಾರೆ. ಬಟ್ಟೆಯನ್ನು ಉದ್ದಕ್ಕೆ ಎಳೆದರೂ ಅಡ್ಡಕ್ಕೆ ಎಳೆದರೂ ಅದು ಬಿಗಿದುಕೊಂಡು ನಿಲ್ಲುತ್ತದೆ. ಮೂಲೆಯಿಂದ ಮೂಲೆಗೆ ಎಳೆದು ನೋಡಿ, ಹಿಗ್ಗುತ್ತದೆ. ಹಾಗೆ ಓರೆಯಾಗಿ ಕತ್ತರಿಸಿ ಹೊಲಿದ ಉಡುಪು ಮೈಮೇಲೆ ಹಗುರಾಗಿ ಇಳಿಯುತ್ತದೆ, ಹಾಕಿಕೊಂಡವಳು ನಡೆದರೆ ಅವಳ ಜೊತೆಗೇ ನಡೆಯುತ್ತದೆ. ಟೈಲರುಗಳು ಇದಕ್ಕೆ ಕ್ರಾಸ್ ಕಟಿಂಗ್ ಎನ್ನುತ್ತಾರೆ. ಕ್ರಾಸ್ ಕಟ್ ರವಿಕೆಯನ್ನು ಈಗ ಬೀದಿಗೊಬ್ಬರು ಹೊಲಿಯುತ್ತಾರೆ, ಅದೇನೂ ದೊಡ್ಡ ವಿಷಯವಲ್ಲ. ಕುತ್ತಿಗೆಯಿಂದ ಪಾದದವರೆಗೆ ಇಡೀ ಗೌನನ್ನೇ ಓರೆಯಲ್ಲಿ ಇಳಿಸುವ ಧೈರ್ಯ ಮಾಡಿದವಳು ಈ ಸೀಮೆಯಲ್ಲಿ ಪ್ರೇಮಕುಮಾರಿಯೇ ಮೊದಲು. ಇಲ್ಲ ಎನ್ನುವವರು ಹಾಸನದವರೆಗೂ ಹುಡುಕಿಕೊಂಡು ಬರಲಿ.

ಈ ಹುಚ್ಚು ಹಿಡಿದದ್ದು ಅರಕಲಗೂಡಿನಲ್ಲಿ. ಪ್ರೇಮಕುಮಾರಿ ಕೊಣನೂರಿನವಳು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಅರಕಲಗೂಡಿಗೆ ಹೋಗಿ ರುದ್ರಯ್ಯ ಮಾಸ್ಟರ ಅಂಗಡಿಯಲ್ಲಿ ಹೊಲಿಗೆ ಕಲಿಯುತ್ತಿದ್ದಳು. ರುದ್ರಯ್ಯ ಎಂದರೆ ಆಗ ಸಾಮಾನ್ಯದವರಲ್ಲ. ಖಾಕಿ ಪ್ಯಾಂಟು, ಸ್ಕೂಲ್ ಯೂನಿಫಾರಂ, ಮದುಮಗನ ಸೂಟು, ಯಾವುದೇ ಇರಲಿ, ಕತ್ತರಿ ಹಾಕುವ ಮುಂಚೆ ಬಟ್ಟೆಯಿಂದ ಒಂದು ಎಳೆಯನ್ನು ಉದ್ದಕ್ಕೂ ಎಳೆದು ತೆಗೆಯುತ್ತಿದ್ದರು. ಎಳೆ ಹೋದ ಜಾಗದಲ್ಲಿ ಬೀಳುವ ಸಣ್ಣ ಗೆರೆಯ ಮೇಲೆ ಅವರ ಕತ್ತರಿ ಕೂದಲೆಳೆಯಷ್ಟೂ ಆಚೀಚೆ ಆಗದೆ ಓಡುತ್ತಿತ್ತು. ತಪ್ಪು ಎನ್ನುವುದು ಅವರ ಜಾತಕದಲ್ಲೇ ಇರಲಿಲ್ಲ. ಇದ್ದರೂ ಅದು ಗಿರಾಕಿಯ ಸೊಂಟದ್ದು, ಅವರದಲ್ಲ.

ಅಲ್ಲಿ ಪ್ರೇಮಕುಮಾರಿಗೆ ಕೊಟ್ಟಿದ್ದ ಕೆಲಸ ರವಿಕೆಯ ಕುತ್ತಿಗೆಗೆ ಪಟ್ಟಿ ಕೂರಿಸುವುದು. ಕುತ್ತಿಗೆಯ ಪಟ್ಟಿಯನ್ನು ಎಲ್ಲರೂ ಓರೆಯಾಗಿಯೇ ಕತ್ತರಿಸಬೇಕು, ಇಲ್ಲದಿದ್ದರೆ ಅದು ದುಂಡಗೆ ತಿರುಗುವುದಿಲ್ಲ. ಒಂದೂವರೆ ವರ್ಷ ಅದನ್ನೇ ಮಾಡಿ ಮಾಡಿ ಅವಳ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಒಂದು ಬೆರಳಗಲದ ಪಟ್ಟಿಯೇ ಹೇಳಿದ ಮಾತನ್ನು ಇಷ್ಟು ಕೇಳುವುದಾದರೆ, ಇಡೀ ರವಿಕೆಯನ್ನೇ ಹೀಗೆ ಕತ್ತರಿಸಿದರೆ ಏನಾದೀತು? ಪ್ರಶ್ನೆಯನ್ನು ಮಾಸ್ಟರಿಗೆ ಕೇಳಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಅವಳು ಕೇಳಲಿಲ್ಲ, ಮಾಡಿಯೇ ಬಿಟ್ಟಳು. ಹೈಸ್ಕೂಲಿನ ಟೀಚರೊಬ್ಬರ ರೇಷ್ಮೆ ರವಿಕೆ ಕಣವನ್ನು ಓರೆಯಾಗಿ ಹಾಸಿ ಕತ್ತರಿಸಿದಳು. ಎದೆಯ ಭಾಗ ಎಲ್ಲೂ ಒಂದು ಸುಕ್ಕಿಲ್ಲದೆ ಕೂತಿತು. ತೋಳಿಗೆ ಮಾತ್ರ ಬಟ್ಟೆ ಉಳಿಯಲಿಲ್ಲ. ಓರೆ ಕತ್ತರಿಗೆ ಬಟ್ಟೆ ಹೆಚ್ಚು ಬೇಕು ಎನ್ನುವುದು ಅವಳಿಗೆ ಗೊತ್ತಾದದ್ದು ಆವತ್ತು.

ರುದ್ರಯ್ಯ ಎದೆಯ ಭಾಗವನ್ನು ನೋಡಲೇ ಇಲ್ಲ. ಇಲ್ಲದ ತೋಳನ್ನು ಮಾತ್ರ ನೋಡಿದರು.

“ನೇಯ್ದೋನು ನೆಟ್ಟಗೆ ನೇಯ್ದವ್ನೆ ಕಣವ್ವಾ, ನೀನ್ಯಾರು ಅದನ್ನ ಸೊಟ್ಟಗೆ ಕುಯ್ಯಕ್ಕೆ?” ಎಂದು ಬೀದಿಗೆ ಕೇಳುವಂತೆ ಕೂಗಿದರು. “ಬಟ್ಟೆ ಕೆಡ್ಸೋಳು ನೀನು. ನಾಳಿಂದ ಬರಬ್ಯಾಡ, ಓಗು.”

ಅಂದು ಬಸ್ಸಿನಲ್ಲಿ ಕೊಣನೂರಿನವರೆಗೂ ಅತ್ತಳು. ಆಮೇಲೆ ಅಳಲಿಲ್ಲ. ನಟರಾಜನನ್ನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಳು. ಗೂಡ್ಸ್ ಆಟೋ ಓಡಿಸುವ ಅವನ ಹಳೆಯ ಲುಂಗಿಗಳ ಮೇಲೆಲ್ಲ ಓರೆ ಕತ್ತರಿ ಕಲಿತಳು. ನಟರಾಜ್ ಪುಣ್ಯಾತ್ಮ, ಉಟ್ಟುಕೊಳ್ಳಲು ಒಂದನ್ನು ಬಚ್ಚಿಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಬಿಟ್ಟುಕೊಟ್ಟ. ಲುಂಗಿಯಿಂದ ಮಕ್ಕಳ ಫ್ರಾಕಿಗೆ, ಫ್ರಾಕಿನಿಂದ ಕಾಲೇಜು ಹುಡುಗಿಯರ ಗೌನಿಗೆ ಅವಳ ಕತ್ತರಿ ಬೆಳೆಯಿತು. ಹಾಸನದಿಂದ, ದುದ್ದದಿಂದ ಹುಡುಗಿಯರು ಹುಡುಕಿಕೊಂಡು ಬಂದರು. ಇಷ್ಟಾದರೂ ಆ ಒಂದು ಮಾತು ಒಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಊರೆಲ್ಲ ಹೊಗಳಿದರೂ ಅವಳಿಗೆ ಬೇಕಾಗಿದ್ದದ್ದು ರುದ್ರಯ್ಯನವರ ಬಾಯಿಂದ ಒಂದು ಮಾತು. ತಾನು ಬಟ್ಟೆ ಕೆಡಿಸುವವಳಲ್ಲ ಎಂದು ಆ ಮನುಷ್ಯ ಒಮ್ಮೆ ಹೇಳಬೇಕಿತ್ತು. ಇಪ್ಪತ್ತೆಂಟು ವರ್ಷವಾದರೂ ಅವರು ಹೇಳಿರಲಿಲ್ಲ. ಹೇಳುವುದಿರಲಿ, ಇತ್ತ ತಲೆ ಹಾಕಿರಲಿಲ್ಲ.

ಹೋದ ವರ್ಷ ತಲೆ ಹಾಕಿದರು. ಅದೂ ಮೊಮ್ಮಗಳು ಮೇಘಶ್ರೀ ಎಳೆದುಕೊಂಡು ಬಂದದ್ದಕ್ಕೆ. ಅವಳ ಮದುವೆ ಚನ್ನರಾಯಪಟ್ಟಣದ ಧರ್ಮೇಂದ್ರನ ಜೊತೆ ನಿಶ್ಚಯವಾಗಿತ್ತು. ಆರತಕ್ಷತೆಗೆ ಪ್ರೇಮಕ್ಕನ ಗೌನೇ ಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಎಂಬತ್ತು ದಾಟಿದ ರುದ್ರಯ್ಯ ಕೋಲೂರಿಕೊಂಡು ಒಳಗೆ ಬಂದು, ಅಂಗಡಿಯನ್ನೆಲ್ಲ ಒಮ್ಮೆ ನೋಡಿ, ಗೋಡೆಗೆ ತಗುಲಿಹಾಕಿದ ಕ್ಯಾಲೆಂಡರನ್ನು ಮೊದಲು ನೆಟ್ಟಗೆ ಮಾಡಿದರು.

“ಚೆನ್ನಾಗಿದೀರಾ ಮಾಸ್ಟ್ರೇ?” ಎಂದು ಪ್ರೇಮಕುಮಾರಿ ಕಾಲಿಗೆ ಬಿದ್ದಳು.

“ಇವ್ನಿ,” ಎಂದರು. “ಉಡುಗಿ ಕೇಳ್ತಿಲ್ಲ. ನೋಡ್ಕಂಡು ಒಲಿ.”

ಅಷ್ಟು ಸಾಕಾಯಿತು. ಆ ಗೌನಿಗೆ ಅವಳು ತನ್ನ ವಿದ್ಯೆಯನ್ನೆಲ್ಲ ಸುರಿದಳು. ಹಾಸನದಿಂದ ತಂದ ದಾಳಿಂಬೆ ಬಣ್ಣದ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ, ಅರ್ಧ ದಿನ ಬರೀ ನೋಡುತ್ತ ಕೂತಿದ್ದು ಆಮೇಲೆ ಕತ್ತರಿಸಿದಳು. ಹೊಲಿದು ಕೊಕ್ಕೆಗೆ ನೇತುಹಾಕಿ, ಕೆಳಗಿನ ಅಂಚಿಗೆ ಸುತ್ತಲೂ ಭಾರಕ್ಕೆಂದು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿದಳು. ಓರೆ ಬಟ್ಟೆಯ ಗುಟ್ಟು ಇರುವುದೇ ಇಲ್ಲಿ. ಅದು ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಎರಡು ಪಕ್ಕವೂ ಒಂದೇ ದಿನ ಜಗ್ಗುವುದಿಲ್ಲ, ಇವತ್ತು ಎಡಗಡೆ ಇಳಿದರೆ ನಾಳೆ ಬಲಗಡೆ ಇಳಿಯುತ್ತದೆ. ಮೂರು ದಿನ ತೂಗುಬಿಟ್ಟು, ಇಳಿಯುವುದೆಲ್ಲ ಇಳಿದ ಮೇಲೆ, ಹಾಕಿಕೊಳ್ಳುವವಳ ಮೈಮೇಲೇ ಅಂಚನ್ನು ಸಮ ಮಾಡಿ ಮಡಿಸಬೇಕು. ಅಲ್ಲಿಯವರೆಗೆ ಅದು ನೋಡಲು ಅವಲಕ್ಷಣವಾಗಿರುತ್ತದೆ, ಒಂದು ಕಡೆ ನೆಲ ಗುಡಿಸುತ್ತ, ಇನ್ನೊಂದು ಕಡೆ ಮೇಲೆ ಹತ್ತಿಕೊಂಡು.

ಗೌನು ತೂಗುಬಿದ್ದ ಮಾರನೆಯ ದಿನ, ಬುಧವಾರ, ರುದ್ರಯ್ಯ ಒಬ್ಬರೇ ಬಸ್ಸಿಳಿದು ಬಂದರು. ಕೆಲಸ ಎಲ್ಲಿಗೆ ಬಂತು ಎಂದು ನೋಡುವ ಆಸೆ. ಪ್ರೇಮಕುಮಾರಿ ಆ ಬಣ್ಣಕ್ಕೆ ಸರಿಹೊಂದುವ ಜಿಪ್ ತರಲು ಹಾಸನಕ್ಕೆ ಹೊರಟು ನಿಂತಿದ್ದಳು.

“ಓಗ್ಬುಟ್ಟು ಬಾರವ್ವ, ಅಂಗ್ಡಿ ನಾನ್ ನೋಡ್ಕತೀನಿ,” ಎಂದರು ರುದ್ರಯ್ಯ.

ನಟರಾಜನ ಕೈಗೂ ಅಂಗಡಿ ಬಿಡದ ಹೆಂಗಸು ಗುರುವಿನ ಕೈಗೆ ಬಿಟ್ಟಳು. ಗೌನನ್ನು ಮುಟ್ಟಬೇಡಿ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಕತ್ತರಿ ಹಿಡಿಯುವುದನ್ನು ಕಲಿಸಿದವರಿಗೆ ಬಟ್ಟೆಯ ವಿಷಯ ಹೇಳಿಕೊಡುವುದು ಹೇಗೆ? ಅಹಂಕಾರ ಎಂದುಕೊಂಡಾರು ಎಂದು ಹೆದರಿ ಸುಮ್ಮನೆ ಹೊರಟಳು.

ಮಧ್ಯಾಹ್ನ ಅವಳು ಬಂದಾಗ ರುದ್ರಯ್ಯ ಮೆಷಿನ್ನಿನ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಗೌನಿನ ಅಂಚು ಗೆರೆ ಎಳೆದಷ್ಟು ನೆಟ್ಟಗಿತ್ತು. ಎಡಗಡೆ ಉದ್ದವಾಗಿ ಜೋತಿದ್ದದ್ದನ್ನೆಲ್ಲ ಕತ್ತರಿಸಿ ತೆಗೆದು, ನಾಲ್ಕು ಬೆರಳು ಒಳಗೆ ಮಡಿಸಿ, ಮುದ್ದಾಗಿ ಹೊಲಿದುಬಿಟ್ಟಿದ್ದರು.

“ಸೊಟ್ಟಗಿತ್ತು ಕಣವ್ವ. ಉಡುಗಿ ಎಡವಿ ಬಿದ್ದಾಳು. ನಿನ್ ಮರ್ವಾದೆ ಓಗಬಾರ್ದು ಅಂತ ಸರಿ ಮಾಡಿವ್ನಿ. ಯಾರ್ಗೂ ಯೋಳಕ್ಕಿಲ್ಲ.”

ಬಲಗಡೆ ಇನ್ನೂ ಇಳಿಯಬೇಕಿದೆ ಎಂದು ಪ್ರೇಮಕುಮಾರಿಗೆ ಗೊತ್ತಿತ್ತು. ಆದರೆ ಅವರ ಆ ಸಂತೋಷದ ಮುಖ ಬಾಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಕಾಫಿ ತರಿಸಿಕೊಟ್ಟು, ಬಸ್ಸು ಹತ್ತಿಸಿ ಬಂದಳು.

ಆಗಬೇಕಾದದ್ದು ಆಯಿತು. ಗುರುವಾರ ಬಲಗಡೆ ಇಳಿಯತೊಡಗಿತು. ಶುಕ್ರವಾರ ಬೆಳಿಗ್ಗೆ ಮೇಘಶ್ರೀ ಅಳತೆ ನೋಡಲು ಬಂದು ಹಾಕಿಕೊಂಡಳು. ಬಲಗಡೆ ಹಿಮ್ಮಡಿ ಮುಟ್ಟುತ್ತಿತ್ತು, ಎಡಗಡೆ ಮೀನಖಂಡದ ಮೇಲೆ ನಿಂತಿತ್ತು. ಕತ್ತರಿಸಿ ಎಸೆದ ಬಟ್ಟೆಯನ್ನು ಮತ್ತೆ ಅಂಟಿಸಲಾಗದು. ಎಡಗಡೆಗೆ ಸಮ ಮಾಡಿದರೆ ಸ್ಕೂಲ್ ಯೂನಿಫಾರಂ ಆಗುತ್ತದೆ. ಆರತಕ್ಷತೆ ಮರುದಿನ ಸಂಜೆಗೆ. ಹುಡುಗಿಯ ಕಣ್ಣು ತುಂಬಿಕೊಂಡಿತು.

“ಇದೇನ್ ಪ್ರೇಮಕ್ಕಾ ಇಂಗಾಗದೆ? ಯಾರ್ ಇಂಗೆ ಕತ್ರಿಸಿದ್ದು?”

ಹೇಳಿದರೆ ಒಂದೇ ಮಾತು, ತಾನು ಪಾರು. ಆದರೆ ಮದುವೆಯ ಮನೆಯಲ್ಲಿ ಆ ಮುದುಕರು ಮೊಮ್ಮಗಳ ಮುಂದೆ ತಲೆ ತಗ್ಗಿಸಿ ಕೂರುವುದನ್ನು ನೆನೆಸಿಕೊಂಡರೆ ಪ್ರೇಮಕುಮಾರಿಗೆ ಸಂಕಟವಾಯಿತು.

“ನಂದೇ ತಪ್ಪು ಕಣವ್ವ. ಮೂರ್ ದಿನ ತೂಗಾಕ್ದೆ ಆತುರ ಬಿದ್ದು ಕತ್ರಿಸ್ಬುಟ್ಟೆ. ಅಳಬ್ಯಾಡ, ನಿಂತ್ಕೊ.”

ಹೇಳಿದ್ದೇನೋ ಹೇಳಿದಳು. ಬಟ್ಟೆ ಕೆಡಿಸೋಳು ಎಂಬ ಮಾತಿಗೆ ಈಗ ತಾನೇ ಮುದ್ರೆ ಒತ್ತಿದಂತಾಯಿತಲ್ಲ ಎಂದು ಒಳಗೊಳಗೇ ಹಳಿದುಕೊಂಡಳು. ಆದರೆ ಕೈ ಸುಮ್ಮನಿರಲಿಲ್ಲ. ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸುತ್ತ ಮೂರು ಸಲ ನಡೆದಳು. ಅಂಚು ಸಮವಾಗಲು ಒಪ್ಪದಿದ್ದರೆ ಅದೂ ಓರೆಯಾಗಿಯೇ ಇರಲಿ, ಆದರೆ ಬೇಕೆಂದೇ ಮಾಡಿದ ಓರೆಯಾಗಿರಲಿ ಎಂದು ತೀರ್ಮಾನಿಸಿದಳು. ರುದ್ರಯ್ಯನವರ ದಪ್ಪ ಮಡಿಕೆಯನ್ನು ಬಿಚ್ಚಿ, ಎಡ ಮೀನಖಂಡದಿಂದ ಬಲ ಹಿಮ್ಮಡಿಯವರೆಗೆ ಸೀಮೆಸುಣ್ಣದಲ್ಲಿ ಒಂದೇ ಗೆರೆ ಇಳಿಸಿದಳು. ಅಂಚನ್ನು ಬೆರಳಲ್ಲಿ ಸುರುಳಿ ಸುತ್ತುತ್ತ ಕೈಹೊಲಿಗೆ ಹಾಕಿದಳು. ಸಂಜೆ ನಾಲ್ಕಕ್ಕೆ ಮೇಘಶ್ರೀ ಹಾಕಿಕೊಂಡು ಒಮ್ಮೆ ತಿರುಗಿದಳು. ಗೌನು ಅವಳ ಕಾಲ ಸುತ್ತ ಬಳಸಿಕೊಂಡು ಬಂದು ಮೆಲ್ಲಗೆ ನಿಂತಿತು. ಹುಡುಗಿ ಇನ್ನೊಮ್ಮೆ ತಿರುಗಿದಳು, ಮತ್ತೊಮ್ಮೆ ತಿರುಗಿದಳು, ಕೊನೆಗೆ ತಲೆ ಸುತ್ತಿ ಕೂತಳು.

ಶನಿವಾರ ಸಂಜೆ ಪ್ರೇಮಕುಮಾರಿ ಚನ್ನರಾಯಪಟ್ಟಣದ ಛತ್ರಕ್ಕೆ ನಟರಾಜನ ಜೊತೆ ಹೋಗಿ, ಯಾರ ಕಣ್ಣಿಗೂ ಬೀಳದ ಹಾಗೆ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತಳು. ವೇದಿಕೆಯ ಮೇಲೆ ದಾಳಿಂಬೆ ಬಣ್ಣ ಬೆಳಗುತ್ತಿತ್ತು. ಗಂಡಿನ ಕಡೆಯ ಹೆಣ್ಣುಮಕ್ಕಳೆಲ್ಲ ಅಂಚನ್ನೇ ನೋಡುತ್ತಿದ್ದರು. ಧರ್ಮೇಂದ್ರನ ಸೋದರತ್ತೆ ಅಣ್ಣಮ್ಮ ಬಗ್ಗಿ ಅಂಚನ್ನು ಮುಟ್ಟಿ ಕೇಳಿದರು.

“ಇದ್ಯಾಕವ್ವ ಒಂದ್ ಕಡೆ ಮೇಲಕ್ಕೋಗದೆ?”

“ಡಿಸೈನು ಅತ್ತೆ, ಈಗ ಇಂಗೇ,” ಎಂದಳು ಮೇಘಶ್ರೀ.

ವೇದಿಕೆಯ ಪಕ್ಕದ ಸೋಫಾದಲ್ಲಿ ಹೊಸ ಪಂಚೆ ಉಟ್ಟು ಕೂತಿದ್ದ ರುದ್ರಯ್ಯ ಕೋಲೂರಿ ಎದ್ದರು. ಮುಖ ಕೆಂಪಾಗಿತ್ತು. ಪ್ರೇಮಕ್ಕ ತಪ್ಪು ಮಾಡಿ ತಾನೇ ಒಪ್ಪಿಕೊಂಡಳೆಂದು ಮೊಮ್ಮಗಳು ಹಿಂದಿನ ದಿನವೇ ಅವರಿಗೆ ಹೇಳಿದ್ದಳು. ಆಗಿನಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ಬೀಗರ ಮುಂದೆ ಇನ್ನೇನು ಕೇಳಬೇಕಾಗಿದೆಯೋ ಎಂದು ಪ್ರೇಮಕುಮಾರಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

“ಡಿಸೈನಲ್ಲ ಕಣ್ರವ್ವಾ,” ಎಂದರು ರುದ್ರಯ್ಯ. ಖಾಕಿ ಪ್ಯಾಂಟಿನ ಕಾಲದ ಅದೇ ಗಂಟಲು, ಅಡುಗೆಮನೆಯವರೆಗೂ ಕೇಳಿಸಿತು. “ಕೆಡ್ಸಿದ್ದು ನಾನು. ಪ್ರೇಮಾ ಇಲ್ದಾಗ ಕತ್ರಿ ಆಕ್ಬುಟ್ಟೆ. ನನ್ ಮಾನ ಓಗಬಾರ್ದು ಅಂತ ತಪ್ಪು ತನ್ದು ಅಂತ ಯೋಳವ್ಳೆ ಆ ಮಗು. ಅರವತ್ ವರ್ಸ ಬಟ್ಟೆ ಕುಯ್ದೋನು ನಾನು. ಕೆಟ್ಟ್ ಬಟ್ಟೆನ ಇಂಗೆ ಉಳಿಸಾಕೆ ನನ್ ಕೈಲಿ ಆಯ್ತಿರ್ಲಿಲ್ಲ. ಅವ್ಳಿಗೆ ಬಟ್ಟೆ ಗೊತ್ತು. ನಂಗೆ ಗೆರೆ ಮಾತ್ರ ಗೊತ್ತಿದ್ದುದ್ದು.”

ಫೋಟೋದವನು ಕ್ಯಾಮೆರಾ ಇಳಿಸಿದ. ಆಮೇಲೆ ಅಣ್ಣಮ್ಮ ಕಿಸಕ್ಕನೆ ನಕ್ಕು, “ಅಂಗಾದ್ರೆ ನಮ್ ಮಗಳು ಯಶಸ್ವಿನಿ ಗೌನ್ನೂ ಒಸಿ ಕೆಡ್ಸಿಕೊಡಿ ಮಾಸ್ಟ್ರೇ,” ಎಂದದ್ದೇ ತಡ, ಇಡೀ ಛತ್ರ ನಗೆಯಲ್ಲಿ ತುಂಬಿಹೋಯಿತು.

ಪ್ರೇಮಕುಮಾರಿ ನಗಲಿಲ್ಲ. ಕೊನೆಯ ಸಾಲಿನಲ್ಲಿ ಕೂತು, ನಟರಾಜನ ಹೊಸ ಶರ್ಟಿನ ತೋಳಿಗೆ ಮುಖ ಒತ್ತಿ, ಕೊಣನೂರಿನ ಬಸ್ಸಿನಲ್ಲಿ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಜನ ತಿರುಗಿ ನೋಡತೊಡಗಿದರೂ ನಟರಾಜ್ ತೋಳನ್ನು ಎಳೆದುಕೊಳ್ಳಲಿಲ್ಲ. ರುದ್ರಯ್ಯ ಕುರ್ಚಿಗಳ ನಡುವೆ ಕೋಲು ಕುಟ್ಟಿಕೊಂಡು ಅವಳ ಕಡೆಗೇ ಬರುತ್ತಿದ್ದರು. ಅವಳು ಕಣ್ಣೊರೆಸಿಕೊಂಡು ಎದ್ದು ಅವರಿಗೆ ಕುರ್ಚಿ ಬಿಟ್ಟುಕೊಟ್ಟಳು.

“ಕೂತ್ಕೊಳ್ಳವ್ವ ನೀನು,” ಎಂದರು ಅವರು. ಅವಳು ಕೂತ ಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು ತಾವೂ ಕೂತರು. “ಮೂರ್ ದಿನ ತೂಗಾಕ್ಬೇಕು ಅಂತ ನಂಗೆ ಯಾಕ್ ಯೋಳ್ಲಿಲ್ಲ?”

“ನಿಮ್ಗೆ ಎಂಗ್ ಯೋಳ್ಲಿ ಮಾಸ್ಟ್ರೇ?”

“ಇನ್ಮ್ಯಾಕೆ ಯೋಳು,” ಎಂದರು ರುದ್ರಯ್ಯ. ಅವಳು ಆವತ್ತೇ, ಅಲ್ಲೇ, ಊಟಕ್ಕೆ ಕರೆಯುವವರೆಗೂ ಓರೆ ಬಟ್ಟೆ ಹೇಗೆ ಇಳಿಯುತ್ತದೆ ಎಂದು ಅವರಿಗೆ ಹೇಳಿಕೊಟ್ಟಳು.