ಐದೂಮುಕ್ಕಾಲಿನ ಬಸ್ಸು ಮತ್ತು ಸುರಿಯದ ಮಳೆ

2023ರಲ್ಲಿ ನಾನು ಐರ್ಲೆಂಡಿನ ಲೀಕ್ಸ್‌ಲಿಪ್‌ನ ಒಂದು ಕಾರ್ಖಾನೆಯಲ್ಲಿ ಟೆಕ್ನಿಕಲ್ ರೈಟರ್ ಆಗಿದ್ದೆ. ಯಂತ್ರಗಳನ್ನು ನಡೆಸುವ ಕ್ರಮವನ್ನು ಹಂತಹಂತವಾಗಿ ಬರೆದುಕೊಡುವುದು ನನ್ನ ಕೆಲಸ. ಮ್ಯಾನ್ಯುಯಲ್ ಯಾರ ಮನಸ್ಸನ್ನೂ ಗೆಲ್ಲಬೇಕಿಲ್ಲ. ಅದು ಹೇಳುತ್ತದೆ, ಓದಿದವರು ಮಾಡುತ್ತಾರೆ. ಒಪ್ಪಿಸುವ ಬರಹ ಬೇರೆಯೇ ಎಂದು ಆ ಮಾರ್ಚ್‌ನಲ್ಲಿ ತಿಳಿಯಿತು.

ನೇಸ್ ಎಂಬ ಊರಿನಿಂದ ನಮ್ಮ ಕಡೆಗೆ ಬರುತ್ತಿದ್ದ ಬೆಳಗಿನ ಐದೂಮುಕ್ಕಾಲಿನ ಬಸ್ಸನ್ನು ನಿಲ್ಲಿಸುವ ಪ್ರಸ್ತಾಪ ಬಂತು. ಏಳಕ್ಕೆ ಶಿಫ್ಟ್. ನಮ್ಮಲ್ಲಿ ಟೆಕ್ನಿಷಿಯನ್ ಆಗಿದ್ದ ಮೈಸೂರಿನ ರೇಖಾ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅವರ ವರ್ಕ್ ಪರ್ಮಿಟ್ ಈ ಕೆಲಸಕ್ಕೇ ಸೇರಿದ್ದು. ಬಸ್ಸು ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ದೇಶವನ್ನೇ ಬಿಡಬೇಕಾಗಬಹುದು. ಸ್ಥಳೀಯ ವಾರಪತ್ರಿಕೆಗೆ ಒಂದು ಅಭಿಪ್ರಾಯ ಲೇಖನ ಬರೆದುಕೊಡಿ ಎಂದು ಅವರು ನನ್ನನ್ನು ಕೇಳಿದರು.

ಎರಡು ಸಂಜೆ ಕೂತು ಬರೆದೆ. ಅಧಿಕಾರಿಗಳಿಗೆ ಕೃತಜ್ಞತೆ ಹೇಳಿ, ಬಸ್ಸಿನ ಹಿನ್ನೆಲೆ ವಿವರಿಸಿ, ಕಟ್ಟಕಡೆಗೆ ದಯವಿಟ್ಟು ಪರಿಶೀಲಿಸಬೇಕೆಂದು ಕೋರಿದ್ದೆ. ಕ್ಯಾಂಟೀನಿನಲ್ಲಿ ಓದಿ ರೇಖಾ ನಕ್ಕರು.

“ಸರ್, ಇದು ತಾಲ್ಲೂಕು ಆಫೀಸಿಗೆ ಹಾಕೋ ಅರ್ಜಿ ಥರ ಇದೆ. ನಾವು ಕೇಳ್ತಿರೋದು ಬಸ್ಸಾ, ರೇಷನ್ ಕಾರ್ಡಾ?”

ಕಾಲೇಜು ಹಾಸ್ಟೆಲಿನಲ್ಲಿ ನೀರಿಗಾಗಿ ಮನವಿಪತ್ರ ಬರೆದ ಕೈ ಇದು. ಅಲ್ಲಿ ಓದುವವರು ಅಧಿಕಾರಿ. ಕೊನೆಯವರೆಗೆ ಓದುವುದು ಅವರ ಕರ್ತವ್ಯ. ಪತ್ರಿಕೆಯ ಓದುಗರಿಗೆ ಆ ಹಂಗಿಲ್ಲ. ಕೋರಿಕೆಯನ್ನು ಮೊದಲ ಸಾಲಿಗೆ ತಂದೆ. ನಾನೂ ಅದೇ ಬಸ್ಸಿನವನಾದ್ದರಿಂದ, ಒಂದು ಬೆಳಿಗ್ಗೆ ಸುರಿವ ಮಳೆಯಲ್ಲಿ ನೆನೆಯುತ್ತ ನಿಂತ ರೇಖಾ ಅವರ ವರ್ಣನೆಯನ್ನೂ ಸೇರಿಸಿ ಕಳಿಸಿದೆ.

ಸಂಪಾದಕಿ ನೋರಾ ಫೋನ್ ಮಾಡಿ, ಮಿಕ್ಕಿದ್ದೆಲ್ಲ ಗ್ರ್ಯಾಂಡ್ ಎಂದರು; ಅಲ್ಲಿಯವರ ಮಾತಿನಲ್ಲಿ ಚೆನ್ನಾಗಿದೆ ಎಂದರ್ಥ. ಆ ಮಳೆಯನ್ನು ನೀವು ಕಂಡದ್ದು ನಿಜವೇ ಎಂದು ವಿಚಾರಿಸಿದರು. ಹೌದೆಂದೆ.

“ಆ ಸ್ಟಾಪಿಗೆ ಸೂರಿದೆಯಲ್ಲ. ನಮ್ಮ ಓದುಗರು ದಿನಾ ಅಲ್ಲೇ ನಿಲ್ಲೋರು.”

ದಿನವೂ ಬರೆಯುತ್ತಿದ್ದ ಡೈರಿಯಲ್ಲಿ ಆ ಬೆಳಗಿನ ಪುಟ ತೆಗೆದೆ. ಇದ್ದದ್ದು ಇಷ್ಟೇ: ‘ಒಣ ಚಳಿ. ಬಸ್ಸು ನಾಲ್ಕು ನಿಮಿಷ ತಡ. ರೇಖಾ ಮೂರು ಸಲ ವಾಚು ನೋಡಿದರು.’ ಹಾಗಾದರೆ ಮಳೆ ಎಲ್ಲಿಂದ ಬಂತು? ಬೇರೆ ದಿನದ್ದೋ, ಐರ್ಲೆಂಡ್ ಎಂದ ಮೇಲೆ ಇರಲೇಬೇಕೆಂದು ನೆನಪೇ ಸುರಿಸಿದ್ದೋ? ಇಂದಿಗೂ ಗೊತ್ತಿಲ್ಲ. ರೇಖಾ ಅವರನ್ನೇ ಕೇಳಿದೆ.

“ಮಳೆಗೆ ಕೋಟು ಇದೆ ಸರ್. ಬಸ್ಸು ಬರತ್ತೋ ಇಲ್ವೋ ಅನ್ನೋದಕ್ಕೆ ಏನಿದೆ?”

ಮಳೆಯನ್ನು ಹೊಡೆದುಹಾಕಿ, ವಾಚನ್ನೂ ಆ ಮಾತನ್ನೂ ಇಟ್ಟೆ. ಲೇಖನ ಅಚ್ಚಾಯಿತು. ಬೇಸಿಗೆಯಲ್ಲಿ ಬಸ್ಸು ಉಳಿಯಿತೆಂಬ ಸುದ್ದಿಯೂ ಬಂತು. ನನ್ನ ಬರಹದಿಂದಲೇ ಎನ್ನಲಾರೆ. ಬರೆದವರು ಇನ್ನೂ ಹಲವರಿದ್ದರು. ಆದರೆ ಒಂದು ಬೆಳಿಗ್ಗೆ ಸ್ಟಾಪಿನಲ್ಲಿ ಪರಿಚಯವಿಲ್ಲದ ಒಬ್ಬ ಹಿರಿಯರು ರೇಖಾ ಅವರ ಕೈಯ ವಾಚನ್ನು ನೋಡಿ, ಬರುತ್ತದಮ್ಮ, ಬರುತ್ತದೆ ಎಂದರು.

ಈಗ ಯಾರನ್ನಾದರೂ ಒಪ್ಪಿಸಲು ಬರೆಯುವ ಮುನ್ನ ಡೈರಿ ತೆರೆಯುತ್ತೇನೆ. ಕೆಲವು ಪುಟಗಳಲ್ಲಿ ಬೇಕಾದ ವಿವರವೇ ಇರುವುದಿಲ್ಲ. ಅಲ್ಲಿ ಮಳೆ ಸುರಿಸುವ ಆಸೆಯಾಗುತ್ತದೆ. ಆಗ ಪೆನ್ನು ಕೆಳಗಿಟ್ಟು, ಅಂದು ಪಕ್ಕದಲ್ಲಿ ನಿಂತಿದ್ದವರಿಗೆ ಫೋನ್ ಮಾಡುತ್ತೇನೆ.