ಕೈ ತಾಕುವ ಜಾಗ

ರತ್ನಮಾಲಾಳ ಅಂಗಡಿ ಬಸವಕಲ್ಯಾಣದ ಬಸ್ ನಿಲ್ದಾಣದಿಂದ ಕೋಟೆಯ ಕಡೆ ಹೋಗುವ ದಾರಿಯಲ್ಲಿದೆ. ಮುಂದೆ ಝೆರಾಕ್ಸ್ ಮಷೀನು, ಗೋಡೆಗೆ ಮದುವೆ ಪತ್ರಿಕೆಗಳ ನಮೂನೆ, ಒಳಗೆ ಕಂಪ್ಯೂಟರು. ಆಧಾರ್ ಕಾರ್ಡಿನ ನಕಲಿಗೆ ಬಂದವರು ಪರದೆಯ ಮೇಲೆ ಐದೈದು ಗೆರೆಗಳ ನಡುವೆ ಕೂತ ಕಪ್ಪು ಚುಕ್ಕೆಗಳನ್ನು ಕಂಡು ಇದೇನೆಂದು ಕೇಳಿದರೆ, ಪಿಯಾನೊದವರ ಬರಹ ಎಂದಷ್ಟೇ ಹೇಳಿ ಅವಳು ಕೆಲಸ ಮುಂದುವರಿಸುತ್ತಾಳೆ.

ಸ್ವರದ ಗುರುತು ಅವಳಿಗೆ ಸಿಕ್ಕಿದ್ದು ತಂದೆ ದಿಗಂಬರನಿಂದ. ಅವನು ಅಂಬೇಡ್ಕರರನ್ನು ಹಾಡುವ ಭೀಮಗೀತೆಗಳ ಮೇಳದಲ್ಲಿ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ. ಕೈ ಎಷ್ಟು ಚೆನ್ನಾಗಿತ್ತೆಂದರೆ ಸುತ್ತಲಿನ ಹಳ್ಳಿಗಳ ಭಜನೆಯವರೂ ಕರೆಯುತ್ತಿದ್ದರು. ಆದರೆ ತನ್ನ ಪೇಟಿಯನ್ನು ತಾನೇ ಹೊತ್ತುಕೊಂಡು ಹೋಗಬೇಕಿತ್ತು, ಅವರದನ್ನು ಮುಟ್ಟುವಂತಿರಲಿಲ್ಲ. ಅದನ್ನು ಅವನು ನಗುತ್ತ ಹೇಳುತ್ತಿದ್ದ. ಮಗಳಿಗೆ ಆ ಹಳ್ಳಿಗಳವರ ಮೇಲೆ ಎಷ್ಟು ಸಿಟ್ಟಿತ್ತೋ ಅಪ್ಪನ ನಗುವಿನ ಮೇಲೂ ಅಷ್ಟೇ ಇತ್ತು.

ಐದು ಗೆರೆಯ ಬರಹ ಕಲಿಸಿದ್ದು ಬಿಲಾಲ್ ಮಾಸ್ತರ್. ಹೈದರಾಬಾದಿನಲ್ಲಿ ಪಿಯಾನೊ ಕಲಿತು ಹುಮನಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದವರು. ಒಮ್ಮೆ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬಂದಾಗ ಇವಳು ಸ್ವರ ಬಲ್ಲವಳೆಂದು ತಿಳಿದು, ಬಿಟ್ಟಿ ಸಿಗುವ ಒಂದು ಸಾಫ್ಟ್‌ವೇರನ್ನು ಅವಳ ಕಂಪ್ಯೂಟರಿಗೆ ಹಾಕಿಕೊಟ್ಟರು. ಮೂರ್ನಾಲ್ಕು ವರ್ಷಗಳಲ್ಲಿ ಹೈದರಾಬಾದು, ಸೋಲಾಪುರದ ಶಿಕ್ಷಕರೂ ತಮ್ಮ ಕೈಬರಹವನ್ನು ಫೋನಿನಲ್ಲಿ ಕಳಿಸತೊಡಗಿದರು.

ಹೋದ ಚಳಿಗಾಲ ಬಿಲಾಲ್ ಮಾಸ್ತರ್ ತಾವೇ ಕಟ್ಟಿದ ಒಂದು ಜೋಡಿವಾದನವನ್ನು ತಂದುಕೊಟ್ಟರು. ಒಂದೇ ಪಿಯಾನೊ, ಒಂದೇ ಬೆಂಚು, ಇಬ್ಬರು ಹುಡುಗಿಯರು, ನಾಲ್ಕು ಕೈ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಒಂಬತ್ತನೆಯ ತರಗತಿಯ ಮಯೂರಿ ಎಡಕ್ಕೆ ಕೂತು ಮಂದ್ರದ ಭಾಗ ನುಡಿಸಬೇಕು, ಸೋನಾಲಿ ಬಲಕ್ಕೆ ಕೂತು ಮೇಲಿನದನ್ನು. ಇಂಥ ಬರಹದಲ್ಲಿ ಎಡಗಡೆಯವರ ಸಾಲುಗಳೆಲ್ಲ ಎಡ ಪುಟಕ್ಕೆ, ಬಲಗಡೆಯವರದು ಬಲ ಪುಟಕ್ಕೆ ಬರಬೇಕು. ಹಾಳೆ ತಿರುವುವ ಹೊತ್ತು ಇಬ್ಬರಿಗೂ ಒಂದೇ ಆಗಿರಬೇಕು. ಒಂದು ಕಡೆ ಸಾಲು ಬಿಗಿಮಾಡಿದರೆ ಇನ್ನೊಂದು ಕಡೆ ಸಡಿಲವಾಗುತ್ತದೆ. ರತ್ನಮಾಲಾ ಆ ಕೆಲಸವನ್ನು ಊಟ ಮರೆತು ಮಾಡಿದಳು. ಅವಳಿಗೆ ಬಹಳ ಹಿಡಿಸಿದ್ದು ನಡುವಿನ ಭಾಗ. ಅಲ್ಲಿ ಮಯೂರಿಯ ಬಲಗೈ ಮತ್ತು ಸೋನಾಲಿಯ ಎಡಗೈ ಒಂದರೊಳಗೊಂದು ಹೆಣೆದುಕೊಳ್ಳುತ್ತಿದ್ದವು. ಒಬ್ಬಳು ಬೆರಳೆತ್ತಿದ ಕೀಲಿಯ ಮೇಲೆಯೇ ಇನ್ನೊಬ್ಬಳು ಬೆರಳಿಡಬೇಕು. ರಾಗ ಹುಟ್ಟುತ್ತಿದ್ದದ್ದೇ ಆ ಕೊಡುಕೊಳ್ಳುವಿಕೆಯಲ್ಲಿ.

ಕೆಲವು ದಿನಗಳ ಮೇಲೆ ಮಾಸ್ತರ್ ಫೋನ್ ಮಾಡಿದರು. ನಡುವಿನ ಭಾಗದಲ್ಲಿ ಕೈಗಳು ತಾಕಿ ಹುಡುಗಿಯರಿಗೆ ತೊಡಕಾಗುತ್ತಿದೆ, ಸೋನಾಲಿಯ ಎಡಗೈಯನ್ನು ಒಂದು ಸಪ್ತಕ ಮೇಲಕ್ಕೆ ಸರಿಸು ಎಂದರು. ಹಾಗೆ ಮಾಡಿದರೆ ರಾಗವೇ ಹರಿದುಹೋಗುತ್ತದಲ್ಲ ಎಂದು ರತ್ನಮಾಲಾ ವಾದಿಸಿದಳು. ಆದರೂ ಹಾಗೇ ಬೇಕಾಗಿದೆ ಎಂದರು ಅವರು. ಆ ಸಾಲುಗಳನ್ನು ಆಯ್ದು ಒಂದು ಕೀಲಿ ಒತ್ತಿದರೆ ಮುಗಿಯಿತು, ಚುಕ್ಕೆಗಳೆಲ್ಲ ಒಟ್ಟಿಗೆ ಮೇಲಕ್ಕೆ ಹಾರಿ ಕೂತವು. ಕಳಿಸಿಬಿಟ್ಟಳು.

ಮರುವಾರ ಮತ್ತೆ ಫೋನು. ಈಗ ಎರಡು ಪುಸ್ತಕ ಬೇರೆ ಬೇರೆ ಬೇಕು, ಎರಡು ಕೀಬೋರ್ಡು, ಎರಡು ಬೆಂಚು. ರತ್ನಮಾಲಾಳಿಗೆ ಆಗ ಅನುಮಾನ ಬಂತು. ಕಾರಣ ಹೇಳದೆ ಮೌಸು ಮುಟ್ಟುವುದಿಲ್ಲ ಎಂದಳು. ಕೊನೆಗೆ ಮಾಸ್ತರ್ ಹೇಳಿದರು. ತಾಲೀಮಿನ ವಿಡಿಯೊವನ್ನು ಸೋನಾಲಿಯ ಅಜ್ಜಿ ನೋಡಿದ್ದಳು, ಪಕ್ಕದ ಹುಡುಗಿ ಯಾರ ಪೈಕಿ ಎಂದು ಕೇಳಿದ್ದಳು. ಮಯೂರಿಯ ತಾಯಿ ಮೀರಾಬಾಯಿ ಮನ್ನಾಏಖೇಳ್ಳಿಯ ಕಡೆ ಕೂಲಿಗೆ ಹೋಗುವವಳು, ಮನೆಯಲ್ಲಿ ಬುದ್ಧನ ಪಟ. ಸೋನಾಲಿಯ ಅಪ್ಪನದು ಕಾಳುಕಡಿಯ ದೊಡ್ಡ ಅಡತ ಅಂಗಡಿ, ಶಾಲೆಯ ಕಟ್ಟಡಕ್ಕೆ ಕೈಯೆತ್ತಿ ದೇಣಿಗೆ ಕೊಟ್ಟವನು. ಅವನು ಬಂದು ಪ್ರಿನ್ಸಿಪಾಲರ ಎದುರು ಕೂತು, ಮೈಗೆ ಮೈ ತಾಗಿಸಿ ಕೂಡಿಸುವುದು ಬೇಡ ಎಂದಿದ್ದ.

“ಮೊದಲ ಸಲಾನೂ ಇದಕ್ಕೇ ಮಾಡಿಸಿದ್ರೇನ್ರಿ?” ಎಂದು ಕೇಳಿದಳು ರತ್ನಮಾಲಾ.

ಎರಡು ಪುಸ್ತಕ ಬೇಗ ಬೇಕು ಎಂದಷ್ಟೇ ಹೇಳಿ ಮಾಸ್ತರ್ ಫೋನ್ ಇಟ್ಟರು.

ಹಿಂದಿನವರು ಬಾವಿಗೆ ಬೇಲಿ ಹಾಕಿದ್ದರು, ಗುಡಿಗೆ ಬೀಗ ಹಾಕಿದ್ದರು. ಈಗ ಸ್ವರಕ್ಕೆ ಹಾಕಿಸಿದ್ದಾರೆ, ಅದೂ ತನ್ನ ಕೈಯಿಂದಲೇ. ಮನೆಗೆ ಹೋಗಿ ಹೇಳಿದರೆ ದಿಗಂಬರ, ಸ್ಟೇಜಿನ ಮೇಲೆ ಕೂಡಿಸುತ್ತಾರಲ್ಲ, ನಮ್ಮ ಕಾಲಕ್ಕೆ ಅದೂ ಇರಲಿಲ್ಲ, ಬಿಡು ಎಂದು ನಕ್ಕ. ನಗಬೇಡ ಎಂದು ಅವಳು ಕೂಗಿದ್ದು ನೆರೆಮನೆಗೂ ಕೇಳಿಸಿತು. ಮುದುಕ ಎದ್ದು ಹೊರಗೆ ಹೋಗಿ ಕೂತ.

ಬೆಳಿಗ್ಗೆ ಅಂಗಡಿ ತೆರೆಯದೆ ಹುಮನಾಬಾದಿನ ಬಸ್ ಹತ್ತಿದಳು.

ಪ್ರಿನ್ಸಿಪಾಲ್ ಮೇಡಂ ಚಹಾ ತರಿಸಿದರು. ನಮ್ಮ ಶಾಲೆಯಲ್ಲಿ ಜಾತಿ ಎಂಬ ಮಾತೇ ಇಲ್ಲ, ಮಕ್ಕಳ ಅನುಕೂಲ ನೋಡಿದ್ದೇವಷ್ಟೇ ಎಂದು ಮೆತ್ತಗೆ ಹೇಳಿದರು. ರತ್ನಮಾಲಾ ಕಪ್ಪು ಮುಟ್ಟಲಿಲ್ಲ. ಆಗ ಮೇಡಂಗೆ ಒಂದು ಉಪಾಯ ಹೊಳೆಯಿತು.

“ಹಾಂಗಿದ್ರ ಮಯೂರಿ ಜೊತಿ ನೀವೇ ಕೂತು ನುಡಿಸ್ರಿ. ನೀವೂ ಅವ್ರ ಪೈಕೀನೇ ಅಲ್ಲೇನ್ರಿ, ಯಾರ ತಕರಾರೂ ಇರಂಗಿಲ್ಲ.”

ಮೇಡಂ ಅದನ್ನು ಉಪಕಾರವೆಂದೇ ತಿಳಿದು ಹೇಳಿದ್ದರು. ರತ್ನಮಾಲಾಳಿಗೆ ಕಿವಿಯವರೆಗೂ ಉರಿ ಏರಿತು.

“ನಾ ನುಡಿಸಾಕ ಬಂದಿಲ್ರಿ. ಆ ಇಬ್ಬರೂ ಒಂದೇ ಬೆಂಚಿನ ಮ್ಯಾಲ ಕೂಡ್ತಾರೋ ಇಲ್ಲೋ, ಅದೊಂದು ಹೇಳ್ರಿ.”

ಮೇಡಂ ಮೇಜಿನ ಮೇಲಿನ ಕಡತ ಎಳೆದುಕೊಂಡರು. ರತ್ನಮಾಲಾ ಎದ್ದು ನೇರ ಸಂಗೀತದ ಕೋಣೆಗೆ ಹೋದಳು.

ಅಲ್ಲಿ ಮಯೂರಿ ಬೆಂಚಿನ ಎಡತುದಿಯಲ್ಲಿ ಕೂತಿದ್ದಳು. ಸೋನಾಲಿ ಗೋಡೆಗೆ ಒರಗಿ ನಿಂತಿದ್ದಳು. ಬಿಲಾಲ್ ಮಾಸ್ತರ್ ಇವಳನ್ನು ಕಂಡವರೇ ತಲೆ ತಗ್ಗಿಸಿದರು. ಮಯೂರಿ ಬದಲಾದ ಹಾಳೆಯನ್ನು ಎತ್ತಿ ತೋರಿಸಿ ಕೇಳಿದಳು.

“ಅಕ್ಕಾ, ಇದು ನೀವೇ ಮಾಡಿದ್ರೇನ್ರಿ?”

ಹೌದು, ಸುಳ್ಳು ಹೇಳಿ ಮಾಡಿಸಿದರು ಎಂದಳು ರತ್ನಮಾಲಾ. ಹಾಳೆ ಕಿತ್ತುಕೊಂಡು ಹರಿದು, ಚೀಲದಲ್ಲಿದ್ದ ಮೊದಲಿನ ಬರಹವನ್ನು ಪಿಯಾನೊದ ಮೇಲಿಟ್ಟಳು. ಸೋನಾಲಿಯ ಕಣ್ಣಲ್ಲಿ ನೀರು ಬಂತು. ತನಗೇನೂ ಇಲ್ಲ, ಮನೆಯಲ್ಲಿ ಮಾತ್ರ ಒಪ್ಪುವುದಿಲ್ಲ ಎಂದಳು.

“ನಿನಗೇನಿಲ್ಲಂದ್ರ ಬಂದು ಕೂಡು,” ಎಂದಳು ಮಯೂರಿ, ಬೆಂಚಿನ ಖಾಲಿ ಜಾಗವನ್ನು ಅಂಗೈಯಿಂದ ಬಡಿದು. “ಈಗ ಮನ್ಯಾಗಿನವ್ರು ಯಾರೂ ಇಲ್ಲಲ್ಲ ಇಲ್ಲಿ.”

ಸೋನಾಲಿ ಒಂದು ಹೆಜ್ಜೆ ಮುಂದಿಟ್ಟಳು. ಮಾಸ್ತರರ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು, ಅಲ್ಲೇ ನಿಂತಳು. ಮಯೂರಿ ಕಾದಳು. ಆಮೇಲೆ ಪಿಯಾನೊದ ಮುಚ್ಚಳ ದಡ್ ಎಂದು ಹಾಕಿ ಹೊರಗೆ ಹೋದಳು.

ಗ್ಯಾದರಿಂಗಿನಲ್ಲಿ ಜೋಡಿವಾದನ ಇರಲಿಲ್ಲ. ಅದಾದ ಮೇಲೆ ಬಿಲಾಲ್ ಮಾಸ್ತರ್ ಬಸವಕಲ್ಯಾಣಕ್ಕೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ವರ್ಷದ ಕರಾರಿನ ನೌಕರಿ, ಮನೆಯಲ್ಲಿ ತಾಯಿಗೆ ಕಾಯಿಲೆ ಎಂದರು. ರತ್ನಮಾಲಾ ಕೂಡ್ರಿ ಎನ್ನಲಿಲ್ಲ. ಆ ಕೃತಿಯನ್ನು ಅವರ ಹೆಸರಿನಲ್ಲೇ ತನಗೆ ಗೊತ್ತಿರುವ ಶಿಕ್ಷಕರಿಗೆಲ್ಲ ಕಳಿಸುತ್ತೇನೆ ಎಂದು ಪರದೆ ತಿರುಗಿಸಿ ತೋರಿಸಿದಳು. ನಡುವಿನ ಭಾಗದ ಮೇಲೆ, ಮೆಲ್ಲಗೆ, ಜೋರಾಗಿ ಎಂದೆಲ್ಲ ಬರೆಯುವ ಜಾಗದಲ್ಲಿ, ಅವಳು ಒಂದು ಸೂಚನೆ ಕೂಡಿಸಿದ್ದಳು: ಇಲ್ಲಿ ಇಬ್ಬರ ಕೈ ತಾಕಬೇಕು, ತಾಕದಂತೆ ಬದಲಿಸಕೂಡದು.

“ಇದು ಹೊರಗ ಹೋದ್ರ ನನ್ನ ನೌಕರಿ ಹೋಗ್ತದವ್ವಾ,” ಎಂದರು ಮಾಸ್ತರ್.

“ಬ್ಯಾಡ ಅಂತ ಬರ್ದು ಕೊಡ್ರಿ. ಯಾಕ ಬ್ಯಾಡ ಅನ್ನೋದೂ ಬರೀರಿ.”

ಅವರು ಪೆನ್ನು ತೆಗೆಯಲಿಲ್ಲ. ಕಳಿಸು ಎಂದು ಹೇಳಿ ಮೆಟ್ಟಿಲಿಳಿದರು. ಪರೀಕ್ಷೆ ಮುಗಿದ ಮೇಲೆ ಶಾಲೆ ಅವರ ಕರಾರನ್ನು ಮುಂದುವರಿಸಲಿಲ್ಲ. ಈಗ ಅವರು ಮನೆಯಲ್ಲೇ ಪಾಠ ಹೇಳುತ್ತಾರೆ. ಮಯೂರಿ ಅಲ್ಲಿಗೇ ಕಲಿಯಲು ಹೋಗುತ್ತಾಳೆ, ಶಾಲೆಯ ಪಿಯಾನೊ ಮುಟ್ಟುವುದಿಲ್ಲ.

ಬೇಸಿಗೆಯಲ್ಲಿ ಸೋಲಾಪುರದಿಂದ ಒಂದು ವಿಡಿಯೊ ಬಂತು. ಯಾರೋ ಇಬ್ಬರು ಹುಡುಗಿಯರು ಆ ಜೋಡಿವಾದನವನ್ನು ತುಂಬಿದ ಸಭೆಯಲ್ಲಿ ನುಡಿಸಿದ್ದರು. ಮಯೂರಿ ತಾಯಿಯ ಜೊತೆ ಬಸವಕಲ್ಯಾಣಕ್ಕೆ ಬಂದಾಗ ರತ್ನಮಾಲಾ ತೋರಿಸಿದಳು. ಹುಡುಗಿ ಕೊನೆಯವರೆಗೂ ನೋಡಿ ಫೋನ್ ವಾಪಸ್ ಕೊಟ್ಟಳು.

“ನಾವು ಇದಕ್ಕಿಂತ ಛಲೋ ನುಡಿಸ್ತಿದ್ದಿವಿ ಅಕ್ಕಾ,” ಎಂದಳು.

ಖರೆ ಎಂದಳು ರತ್ನಮಾಲಾ. ಅಷ್ಟೊತ್ತಿಗೆ ತಣ್ಣಗಾಗಿರಬೇಕಿದ್ದ ಸಿಟ್ಟು ಮತ್ತೆ ಹೊತ್ತಿಕೊಂಡಿತು.