ಐವತ್ತೆರಡರ ಅಂಬೆಗಾಲು

ಬೆಳಗಿನ ಐದೂಮುಕ್ಕಾಲು. ಬೀದಿಯಲ್ಲಿ ಇನ್ನೂ ಗಾಡಿಗಳ ಸದ್ದಿಲ್ಲ. ಮೂರನೇ ಮಹಡಿಯ ಮನೆಯೊಂದರ ಹಾಲಿನಲ್ಲಿ ಐವತ್ತೆರಡು ವರ್ಷದವರೊಬ್ಬರು ಗೋಡೆಯಂಚಿಗೆ ಅಂಬೆಗಾಲಿಡುತ್ತಿದ್ದಾರೆ. ಎರಡಡಿಗೊಮ್ಮೆ ನಿಲ್ಲುತ್ತಾರೆ, ಕಣ್ಣು ಮುಚ್ಚಿ ತಲೆ ವಾಲಿಸುತ್ತಾರೆ, ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಮನೆಯವರು ಕೂರಬೇಕಾದ ಸೋಫಾದ ಮೇಲೆ ಕಪ್ಪು ಪೆಟ್ಟಿಗೆಯೊಂದು ದೊಡ್ಡ ಮನುಷ್ಯರ ಹಾಗೆ ಕೂತು ಗುಂಯ್‌ಗುಡುತ್ತಿದೆ.

ಆ ಪೆಟ್ಟಿಗೆಯೇ ಸಬ್‌ವೂಫರ್. ಮನೆಯಲ್ಲಿ ನೋಡುವ ಸಿನಿಮಾದ ಗುಡುಗು, ನಗಾರಿ, ರೈಲಿನ ಅಬ್ಬರ, ಹೀಗೆ ಮಂದ್ರದ ಸದ್ದೆಲ್ಲ ಹೊರಡುವುದು ಇದರ ಹೊಟ್ಟೆಯಿಂದ. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಕ್ಕೇ ಈ ತಿರುವುಮುರುವು: ಕೇಳುವವರ ಜಾಗದಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಜಾಗ ಹುಡುಕುತ್ತ ಕೇಳುವವರು. ಸದ್ದು ಎಲ್ಲಿ ತುಂಬಿ, ಸಮವಾಗಿ ಕೇಳುತ್ತದೋ ಅಲ್ಲೇ ಅದಕ್ಕೆ ಪೀಠ. ಪೆಟ್ಟಿಗೆ ಮಾರುವ ಅಂಗಡಿಯವರೂ ಗಿರಾಕಿಗಳೂ ಇವರನ್ನು ಕರೆಯುವುದು ಅಂಬೆಗಾಲಣ್ಣ ಎಂದೇ.

"ಮೊದಮೊದ್ಲು ನಾಚ್ಕೆ ಆಗ್ತಿತ್ತು. ಒಂದ್ಮನೇಲಿ ಮಗು ಬಂದು ಬೆನ್ನೇರಿ ಕೂತ್ಬಿಡ್ತು. ಇಳಿಸಿದ್ರೆ ಅಳುತ್ತೆ. ಸರಿ ಅಂತ ಅದನ್ನೂ ಹೊತ್ಕೊಂಡೇ ಹಾಲೆಲ್ಲ ಸುತ್ತಿದೆ."

ಮೊದಲು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಸಭಾಂಗಣಗಳು ಸ್ವಂತ ಸೆಟ್ ಇಟ್ಟುಕೊಂಡ ಮೇಲೆ ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು. ದಿನಕ್ಕೆ ಎರಡು ಮನೆ, ಮನೆಗೆ ನಾಲ್ಕು ಗಂಟೆ. ಪ್ಯಾಂಟಿನ ಮೊಣಕಾಲಿಗೆ ಹೆಂಡತಿ ಹೊಲಿದ ತೊಗಲಿನ ತೇಪೆ. "ಬೇರೆ ಗಂಡಸ್ರು ಕೂತು ಸವೆಸ್ತಾರೆ, ನಮ್ಮೋರು ತೆವಳಿ ಸವೆಸ್ತಾರೆ" ಎಂದು ಆಕೆ ನಗುತ್ತಾರೆ.

ಇವತ್ತು ಆ ನಗುವಿಲ್ಲ. ತೇಪೆ ಹರಿದಿದೆ, ಹೊಸದು ಹಾಕಲಾ ಎಂದು ಆಕೆ ಕೇಳಿದರೆ, "ಬೇಡ ಬಿಡು. ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ಈ ಕೆಲ್ಸಾನೇ ಸಾಕು" ಎಂದು ಹೇಳಿ ಬಂದಿದ್ದಾರೆ.

ಇದು ಹಲ್ಲಿನ ಡಾಕ್ಟರೊಬ್ಬರ ಮನೆ, ಇದು ಮೂರನೇ ಭೇಟಿ. ಹಿಂದಿನ ಎರಡು ಸಲವೂ ಸದ್ದಿನ ಮಟ್ಟ ಅಳೆಯುವ ಮೀಟರು ಬೇಕಾದಷ್ಟೇ, ಎಪ್ಪತ್ತೈದು ಡೆಸಿಬೆಲ್ ತೋರಿಸಿತ್ತು, ಕಿವಿಯೂ ಹೌದೆಂದಿತ್ತು. ಎರಡು ಸಲವೂ ಸಂಜೆಗೆ ಡಾಕ್ಟರ ಫೋನು: ಗುಡುಗು ಸತ್ತುಹೋಗಿದೆ. ವೈರು ಬದಲಾಯಿಸಿದ್ದಾಯಿತು, ಮೀಟರೇ ಹೊಸದು ತಂದದ್ದಾಯಿತು. "ಬೆಳಿಗ್ಗೆ ಇದ್ದ ಸದ್ದು ಸಂಜೆ ಎಲ್ಲಿಗೆ ಹೋಗುತ್ತೆ? ಮೀಟರು ಸುಳ್ಳೋ, ನನ್ ಕಿವಿ ಸುಳ್ಳೋ, ಡಾಕ್ಟ್ರ ಸೋಫಾ ಸುಳ್ಳೋ, ಒಂದೂ ತಿಳೀತಿಲ್ಲ." ಕಿವಿಯೊಂದೇ ಅವರ ಕಸುಬು. ಅದರ ಮೇಲೇ ಅನುಮಾನ ಬಂದರೆ ಕೇಳುವುದು ಯಾರನ್ನು?

ಗುರುತು ಹಾಕಿದಲ್ಲಿ ಪೆಟ್ಟಿಗೆ ಇಟ್ಟು ಮತ್ತೆ ಸದ್ದು ಹಚ್ಚುತ್ತಾರೆ. ಸೋಫಾದ ಮೇಲಿನ ಮೀಟರು ಎಪ್ಪತ್ತೈದು. ಡಾಕ್ಟರು ಬಂದು ಕೂರುತ್ತಾರೆ.

"ಈಗ ಇದೆ ಕಣ್ರೀ. ಮೂರು ಸಲ ಬಂದ್ರೂ ನೋವು ಹೋಗ್ಲಿಲ್ಲ ಅಂದ್ರೆ ನಮ್ ಪೇಷಂಟು ಡಾಕ್ಟ್ರನ್ನೇ ಬದಲಾಯಿಸ್ತಾನೆ, ಗೊತ್ತಲ್ಲ?"

ಅಷ್ಟರಲ್ಲಿ ಒಳಕೋಣೆಯಿಂದ ಡಾಕ್ಟರ ಅಕ್ಕನ ಕೂಗು. ಸೊಂಟದ ನೋವಿನಿಂದ ವರ್ಷದಿಂದ ಮಲಗಿಯೇ ಇರುವವರು. "ಬಾಗ್ಲು ತೆಗಿಯೋ! ಆ ಮನುಷ್ಯ ಬಂದಾಗೆಲ್ಲ ಬಾಗ್ಲು ಹಾಕ್ತೀರಿ, ಉಸಿರು ಕಟ್ಟಿದ ಹಾಗಾಗುತ್ತೆ."

ಡಾಕ್ಟರು ಎದ್ದು ಬಾಗಿಲು ತೆಗೆಯುತ್ತಾರೆ. ಹಾಲಿನ ಗುಂಯ್‌ಕಾರ ಥಟ್ಟನೆ ಕುಸಿಯುತ್ತದೆ. ಮೀಟರು ಅರವತ್ತಾರು. ಅಂಬೆಗಾಲಣ್ಣ ಪೆಚ್ಚಾಗಿ ನಿಲ್ಲುತ್ತಾರೆ. ಹೋಗಿ ಬಾಗಿಲು ಮುಚ್ಚುತ್ತಾರೆ, ತುಂಬಿತು. ತೆಗೆಯುತ್ತಾರೆ, ಬರಿದಾಯಿತು.

"ಸಾರ್, ಈ ಬಾಗ್ಲು ಯಾವಾಗ್ಲೂ ತೆಗ್ದಿರುತ್ತಾ?"

"ನೀವು ಬಂದಾಗ ಬಿಟ್ರೆ ಯಾವಾಗ್ಲೂ."

ಮಲಗಿದವರಿಗೆ ತೊಂದರೆ ಆಗಬಾರದೆಂದು, ಹೋದ ಮನೆಯಲ್ಲೆಲ್ಲ ಒಳಬಾಗಿಲು ಮುಚ್ಚಿಯೇ ಕೆಲಸ ಶುರು ಮಾಡುವುದು ಹನ್ನೊಂದು ವರ್ಷದ ರೂಢಿ. ಬಾಗಿಲು ತೆರೆದರೆ ಮಂದ್ರದ ಮಟ್ಟಿಗೆ ಕೋಣೆಯೇ ಬೇರೆಯಾಗುತ್ತದೆ. ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಮುಚ್ಚುವ ಕೈ ತನ್ನದೇ ಆದ್ದರಿಂದ ಹೊಳೆಯಲಿಲ್ಲ.

ಪೆಟ್ಟಿಗೆ ಮತ್ತೆ ಸೋಫಾ ಏರುತ್ತದೆ. ಬಾಗಿಲು ತೆರೆದೇ ಇದೆ. ಅಂಬೆಗಾಲು ಈ ಸಲ ಹಾಲು ಸುತ್ತಿ ಮುಗಿದ ಮೇಲೂ ನಿಲ್ಲದೆ ಹೊಸ್ತಿಲು ದಾಟಿ ಅಕ್ಕನ ಮಂಚದವರೆಗೂ ಹೋಗುತ್ತದೆ.

"ಏನಪ್ಪಾ, ಏನಾದ್ರೂ ಬಿದ್ದುಹೋಯ್ತಾ?"

"ಇಲ್ಲ ಅಕ್ಕಾ, ನಿಮಗೆಷ್ಟು ಕೇಳುತ್ತೆ ಅಂತ ನೋಡ್ತಿದೀನಿ."

"ಕೇಳ್ಲಿ ಬಿಡಪ್ಪ. ಗುಡುಗು ಇಲ್ಲೀವರೆಗೂ ಬಂದ್ರೆ ನಾನೂ ಎಲ್ರ ಜೊತೇಲೇ ಸಿನಿಮಾಕ್ಕೆ ಕೂತ್ಹಾಗೆ."

ಪುಸ್ತಕದ ಕಪಾಟು ಒಂದಡಿ ಸರಿಸಿ, ಆ ಮೂಲೆಗೆ ಪೆಟ್ಟಿಗೆ ಇಟ್ಟಾಗ ಒಂಬತ್ತು ಗಂಟೆ. ಬಾಗಿಲು ತೆರೆದಿದೆ, ಮೀಟರು ಎಪ್ಪತ್ತೈದು. ಒಳಗಿಂದ ಅಕ್ಕ, "ಹ್ಞಾಂ, ಬಂತು" ಎನ್ನುತ್ತಾರೆ.

ಮೆಟ್ಟಿಲಿಳಿಯುವಾಗಲೂ ಅವರ ಮುಖದ ಗೊಂದಲ ಪೂರ್ತಿ ಇಳಿದಿಲ್ಲ. "ಕಿವಿ ಕೆಟ್ಟಿಲ್ಲ, ಅದೊಂದು ಸಮಾಧಾನ. ಆದ್ರೆ ಇನ್ನೆಷ್ಟು ಮನೇಲಿ ಹೀಗೆ ಬಾಗ್ಲು ಹಾಕಿ ಬಂದಿದೀನೋ! ಅವ್ರು ಫೋನೂ ಮಾಡ್ಲಿಲ್ಲ, ಇಷ್ಟೇ ಇರ್ಬೇಕು ಅಂದ್ಕೊಂಡಿದಾರೆ. ಒಂದೊಂದಾಗಿ ಹೋಗಿ ನೋಡ್ಕೊಂಡು ಬರ್ಬೇಕು."

ಕೆಳಗಿನ ಮೆಟ್ಟಿಲಲ್ಲಿ ಕೂತು, ಹರಿದ ಮೊಣಕಾಲು ಸವರಿಕೊಂಡು ಹೆಂಡತಿಗೆ ಫೋನು ಹಚ್ಚುತ್ತಾರೆ.

"ಕೇಳಿಸ್ತಾ? ತೇಪೆ ಹಾಕು. ದಪ್ಪ ತೊಗಲಿಂದು."